ಎಲ್ಲರಿಗೂ ಕಾಣುವ ಕೋಣೆಗೆ ಬೀಗ

ನನ್ನನ್ನು ಯಾರಾದರೂ ನೋಡುತ್ತಿದ್ದಾರೆ ಎಂದು ಗೊತ್ತಾದರೆ ನನಗೆ ನಡೆಯುವುದೇ ಮರೆತುಹೋಗುತ್ತದೆ. ಎರಡು ಕೈ ಇರುವುದು ಹೆಚ್ಚಾಯಿತು ಅನ್ನಿಸುತ್ತದೆ. ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಳ್ಳುತ್ತೇನೆ. ನಿಮ್ಮ ಅಮ್ಮನ ಮದುವೆಯ ಆಲ್ಬಮ್ಮಿನಲ್ಲಿ ನನ್ನನ್ನು ಹುಡುಕುವ ಆಟ ನೀವೇ ಕಂಡುಹಿಡಿದದ್ದು. ಒಂದು ಫೋಟೋದಲ್ಲಿ ಕಂಬದ ಪಕ್ಕ ಅರ್ಧ ಕಿವಿ, ಇನ್ನೊಂದರಲ್ಲಿ ಬೀಗಿತ್ತಿಯ ಹೆಗಲ ಮೇಲೆ ಒಂದು ಕಣ್ಣು. ಇಂಥ ನಾನು ಈ ಚಳಿಗಾಲ ನಮ್ಮ ಬಡಾವಣೆಯ ಸಂಘದ ಲೈವ್‌ನಲ್ಲಿ ಮಾತನಾಡಿದೆ ಎಂಬ ಸುದ್ದಿ ಕೆಂಗೇರಿಯ ನಿಮ್ಮ ಮನೆಯವರೆಗೂ ತಲುಪಿ, ನೀವಿಬ್ಬರೂ ಆ ವಿಡಿಯೊ ಪೂರ್ತಿ ನೋಡಿ, "ಅಜ್ಜೀ, ನಿನ್ನ ವಾಯ್ಸ್ ಇದೆ, ನೀನೇ ಇಲ್ಲ" ಎಂದು ದೂರಿದಿರಿ. ಫೋನಿನಲ್ಲಿ ವಿವರಿಸಿ ಹೇಳಲು ನನಗೆ ಬಾರದು. ಬರೆದರೆ ನೀವು ನನ್ನ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಕೋಣೆಯ ವಿಷಯ. ವಿಜಯನಗರದ ಮಾರುಕಟ್ಟೆಯ ಗದ್ದಲ ಮುಗಿದು ಮನೆಗಳ ಮುಂದೆ ಮರಗಳು ಶುರುವಾಗುವ ಕಡೆ ನಮ್ಮ ಬಡಾವಣೆ. ಅದರ ಪಾರ್ಕಿನ ಮೂಲೆಯಲ್ಲಿ ಸಂಘದ ಕೋಣೆ. ಒಂದು ಉದ್ದನೆಯ ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಹೊಂಗೆಮರದ ಕಡೆಗೆ ತೆರೆಯುವ ದೊಡ್ಡ ಕಿಟಕಿ. ತಿಂಗಳಿಗೊಂದು ಸಂಜೆ ಅಲ್ಲಿ ಸಂಘದ ಸಭೆ. ಉಳಿದ ದಿನಗಳ ಮಧ್ಯಾಹ್ನ ಅದು ಯಾರಿಗೂ ಬೇಡವಾದ ಕೋಣೆ. ಯಾರಿಗೂ ಬೇಡವಾದ ಜಾಗ ಎಲ್ಲಿದ್ದರೂ ಹೆಂಗಸರು ಅದನ್ನು ಪತ್ತೆ ಹಚ್ಚುತ್ತಾರೆ.

ನಿಮ್ಮ ಮಾವ, ಅತ್ತೆ ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ನಿಮ್ಮ ತಾತ ಹೋದ ಮೇಲೆ ಮಧ್ಯಾಹ್ನದ ಹೊತ್ತು ನಮ್ಮ ಮನೆಯಲ್ಲಿ ಫ್ರಿಜ್ಜು ಒಂದೇ ಮಾತಾಡುತ್ತಿತ್ತು. ಆಗ ನನ್ನನ್ನು ಕೈ ಹಿಡಿದು ಆ ಕೋಣೆಗೆ ಕರೆದೊಯ್ದವಳು ಎದುರು ಮನೆಯ ಜಯಮ್ಮ. ಅವಳ ಗಂಡ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಿರಣಿಯ ಸದ್ದನ್ನು ಮೀರಿಸಿ ಮಾತನಾಡಿ ಮಾತನಾಡಿ ಜಯಮ್ಮನ ಗಂಟಲು ಹಾಗೇ ನಿಂತುಬಿಟ್ಟಿದೆ. ಗಿರಣಿ ಮುಚ್ಚಿ ವರ್ಷಗಳಾದವು, ಗಂಟಲು ಇನ್ನೂ ಮುಚ್ಚಿಲ್ಲ. ಅಲ್ಲಿ ಏಳೆಂಟು ಹೆಂಗಸರು ಸೇರಿ ಹೂಬತ್ತಿ ಹೊಸೆಯುತ್ತಿದ್ದರು, ಸೊಪ್ಪು ಬಿಡಿಸುತ್ತಿದ್ದರು, ಅವರೆಕಾಯಿ ಕಾಲ ಬಂದರೆ ಕಾಳು ಹಿತಕುತ್ತಿದ್ದರು. ನನಗೆ ಅವರು ಕೊಟ್ಟ ಕೆಲಸ ಬೇರೆ. ಜಯಮ್ಮನಿಗೆ ಓದು ಬಾರದು, ಉಳಿದವರಿಗೆ ಕನ್ನಡಕ ಹುಡುಕುವ ಸೋಮಾರಿತನ.

"ಪಾರ್ವತಕ್ಕ, ನೀವು ಪೇಪರ್ ಓದಿ, ನಾನು ಬಯ್ತೀನಿ" ಎಂದಳು ಜಯಮ್ಮ.

ಹಾಗೇ ನಡೆಯಿತು. ನಾನು ಒಂದು ಸುದ್ದಿ ಓದುವುದು, ಅದರಲ್ಲಿ ಬಂದವರನ್ನು ಜಯಮ್ಮ ಬೈಯುವುದು. ರಸ್ತೆ ಅಗೆದವರನ್ನು, ಅಗೆದು ಮುಚ್ಚದವರನ್ನು, ಮುಚ್ಚಿದ ಮೇಲೆ ಮತ್ತೆ ಅಗೆದವರನ್ನು. ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ ನನಗೆ ಅಷ್ಟು ವರ್ಷಗಳಲ್ಲಿ ಯಾರೂ ಜೋರಾಗಿ ಓದು ಎಂದು ಹೇಳಿರಲಿಲ್ಲ. ನನ್ನ ಮಾತು ಹೇಳು ಎಂದರೆ ನನ್ನ ನಾಲಿಗೆ ಒಣಗುತ್ತದೆ. ಅಚ್ಚಾದ ಮಾತನ್ನು ಓದು ಎಂದರೆ ಮಾತ್ರ ದನಿ ತಾನಾಗಿ ಬರುತ್ತದೆ ಎಂದು ನನಗೆ ತಿಳಿದದ್ದು ಆ ಕೋಣೆಯಲ್ಲಿ. ದಿನಕ್ಕೆ ಒಂದಿಷ್ಟು ಹೊತ್ತು ನಾನು ಗಂಟಲಿರುವ ಮನುಷ್ಯಳಾಗುತ್ತಿದ್ದೆ. ಮಿಕ್ಕ ಹೊತ್ತು ಅದರ ಮೇಲೇ ಬದುಕುತ್ತಿದ್ದೆ.

ಇನ್ನು ಸಂಘದ ಸಭೆ. ಮನೆಗೊಬ್ಬರು ಸದಸ್ಯರಾಗಬೇಕೆಂಬ ನಿಯಮ. ನಿಮ್ಮ ತಾತನ ನಂತರ ನನ್ನ ಹೆಸರು ಬರೆದುಕೊಂಡರು. ನಾನು ಹೋಗಿ, ಹೆಂಗಸರ ಕಡೆ ಗೋಡೆಗೆ ಒರಗಿ ಕೂತು, ಕಾಫಿ ಕುಡಿದು ಬರುತ್ತಿದ್ದೆ. ಅಧ್ಯಕ್ಷರು ಚಿಕ್ಕಣ್ಣಗೌಡರು. ಈ ಬಡಾವಣೆ ಆಗುವ ಮೊದಲು ಇದೆಲ್ಲ ಅವರ ತಾತನ ರಾಗಿ ಹೊಲ. ಆದ್ದರಿಂದ ಯಾರ ಮನೆಯ ಮುಂದೆ ನಿಂತರೂ ಅವರು ತಮ್ಮ ಹೊಲದ ಬದುವಿನ ಮೇಲೆ ನಿಂತವರಂತೆಯೇ ನಿಲ್ಲುತ್ತಾರೆ. ಒಳ್ಳೆಯವರು. ಅವರ ಆಡಳಿತವೆಲ್ಲ ಒಂದೇ ಮಾತಿನ ಮೇಲೆ ನಡೆಯುತ್ತಿತ್ತು. ಬೀದಿ ದೀಪ ಉರಿಯುತ್ತಿಲ್ಲ ಎಂದರೆ, "ನೋಡೋಣ." ಮೋರಿ ಕಟ್ಟಿದೆ ಎಂದರೆ, "ನೋಡೋಣ." ಆ ಮಾತು ಬಂದ ತಕ್ಷಣ ಕಾಫಿ ಬರುತ್ತಿತ್ತು, ಕಾಫಿಯ ಜೊತೆ ಮದ್ದೂರು ವಡೆ. ಬಾಯಲ್ಲಿ ವಡೆ ಇಟ್ಟುಕೊಂಡು ಮೋರಿಯ ಬಗ್ಗೆ ಮಾತನಾಡುವುದು ಯಾರಿಗೂ ಹಿತವಲ್ಲ. ಹೀಗೆ ಮೋರಿಯೂ ಮುಂದಿನ ತಿಂಗಳಿಗೆ ಹೋಗುತ್ತಿತ್ತು.

ಇದು ಬಹಳ ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಬಡಾವಣೆಯ ಮೊಬೈಲ್ ಗ್ರೂಪಿನಲ್ಲಿ ಯಾರೋ, "ಸಂಘದಲ್ಲಿ ಏನು ನಡೆಯುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ" ಎಂದು ಬರೆದರಂತೆ. ಗೌಡರಿಗೆ ಅದು ಚುಚ್ಚಿತು. ಏನೂ ನಡೆಯುವುದಿಲ್ಲ ಎಂದಿದ್ದರೆ ಅವರು ಸಹಿಸುತ್ತಿದ್ದರೋ ಏನೋ. ಗೊತ್ತಾಗುವುದಿಲ್ಲ ಎಂದದ್ದನ್ನು ಸಹಿಸಲಿಲ್ಲ. "ಗೊತ್ತಾಗ್ಲಿ ಬಿಡ್ರೀ. ಎಲ್ಲಾ ಗೊತ್ತಾಗ್ಲಿ. ಲೈವ್ ಬಿಟ್ಬಿಡೋಣ" ಎಂದರು. ಸೆಕ್ರೆಟರಿ ಅನಂತರಾಮಯ್ಯನವರು ಎದ್ದು ನಿಂತು, ಇದಕ್ಕೆ ಪಾರದರ್ಶಕತೆ ಎನ್ನುತ್ತಾರೆ ಎಂದು ಹೇಳಿ, ಆ ಪದವನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿ ಕೂತರು.

ಪಾರದರ್ಶಕ ಎಂದರೆ ಆಚೆಯದು ಕಾಣುವಂಥದ್ದು. ನನ್ನ ಅಡುಗೆಮನೆಯಲ್ಲೂ ಅಂಥದ್ದೊಂದಿದೆ. ನಿಮ್ಮ ಅತ್ತೆ ತಂದ ಗಾಜಿನ ಮುಚ್ಚಳದ ಪಾತ್ರೆ. ಒಳಗೆ ತಣ್ಣೀರು ಇರುವವರೆಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಬೇಯಲು ಶುರುವಾಯಿತೋ, ಆವಿ ಕವಿದು ಮುಚ್ಚಳ ಬೆಳ್ಳಗಾಗುತ್ತದೆ. ಏನೂ ಆಗದಿರುವಾಗ ಎಲ್ಲ ಕಾಣುವುದು, ಏನಾದರೂ ಆಗುವಾಗ ಏನೂ ಕಾಣದಿರುವುದು. ಆ ಮುಚ್ಚಳವನ್ನು ನೋಡಿದಾಗಲೆಲ್ಲ ನನಗೆ ನಮ್ಮ ಸಂಘ ನೆನಪಾಗುತ್ತದೆ.

ಅನಂತರಾಮಯ್ಯನವರು ಯಾವುದೋ ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಮಾಡಲು ಕೆಲಸವಿಲ್ಲದೆ ಸೊರಗಿದ್ದರು. ಲೈವ್ ಎಂದ ಮೇಲೆ ಅವರ ಮುಖಕ್ಕೆ ಕಳೆ ಬಂತು. ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿ ತಾವೇ ಎಲ್ಲ ಕಲಿತರು. ಕ್ಯಾಮೆರಾ ಬಂತು, ಮೂರು ಕಾಲಿನ ಸ್ಟ್ಯಾಂಡು ಬಂತು, ಮೈಕು ಬಂತು, ಬಳೆಯ ಹಾಗೆ ದುಂಡಗಿರುವ ದೊಡ್ಡ ದೀಪ ಬಂತು. ಇವೆಲ್ಲವನ್ನೂ ಒಂದಕ್ಕೊಂದು ಸೇರಿಸುವ ವೈರುಗಳು ಬಂದು ನೆಲದ ತುಂಬ ಶಾವಿಗೆ ಒಣಗಿಸಿದಂತೆ ಹರಡಿಕೊಂಡವು. ಕೋಣೆಯಲ್ಲಿ ದನಿ ಗೋಡೆಗೆ ಬಡಿದು ವಾಪಸು ಬರುತ್ತದೆ, ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಬಡಿದರೆ ನಿಲ್ಲುತ್ತದೆ ಎಂದು ಅವರು ಕಲಿತಿದ್ದರು. ಸುಂಕದಕಟ್ಟೆಯ ಅಂಗಡಿಯಿಂದ ಒಂದು ಆಟೋ ತುಂಬ ಟ್ರೇ ಬಂದವು. ಅದರ ಮೇಲೆ ಸಂಘದಲ್ಲಿ ನಡೆದ ಚರ್ಚೆ ಮೋರಿಯ ಮೇಲೆ ಎಂದೂ ನಡೆದಿರಲಿಲ್ಲ. ಮೊಟ್ಟೆ ತಿನ್ನದವರು ಮೊಟ್ಟೆ ಕೂತಿದ್ದ ಟ್ರೇ ನೋಡುತ್ತ ಕೂರಬಹುದೇ? ತಿನ್ನುವವರು, "ನಾವೇನು ಟ್ರೇ ತಿಂತೀವಾ?" ಎಂದು ಕೇಳಿದರು. ಕೊನೆಗೆ ಟ್ರೇಗಳನ್ನು ಹೊಡೆದು, ಅವು ಕಾಣದ ಹಾಗೆ ಮೇಲೊಂದು ಜಮಖಾನ ಇಳಿಬಿಟ್ಟರು. ಕಿಟಕಿಯಿಂದ ಬೆಳಕು ಬರಬಾರದೆಂದು ಅದನ್ನು ಮುಚ್ಚಿ ಕಪ್ಪು ಬಟ್ಟೆ ಕಟ್ಟಿದರು. ಪಾರದರ್ಶಕತೆಗಾಗಿ ನಮ್ಮ ಕೋಣೆಯಲ್ಲಿ ಆದ ಮೊದಲ ಕೆಲಸ ಕಿಟಕಿ ಮುಚ್ಚಿದ್ದು.

ಒಳ್ಳೆಯ ಮುಹೂರ್ತ ನೋಡಿ, ರಾಹುಕಾಲ ಕಳೆದ ಮೇಲೆ ಕ್ಯಾಮೆರಾಕ್ಕೆ ಪೂಜೆಯಾಯಿತು. ನಮ್ಮ ಕಡೆ ಹೊಸದೇನು ಬಂದರೂ ಪೂಜೆ ಮಾಡದೆ ಮುಟ್ಟುವವರಿಲ್ಲ. ಗೌಡರು ಭಕ್ತಿಯಿಂದ ಅರಿಶಿನ ಹಚ್ಚಿ, ಕುಂಕುಮವನ್ನು ಹಣೆಗೆ ಇಡಬೇಕೆಂದು ಹಣೆ ಎಲ್ಲಿದೆ ಎಂದು ಹುಡುಕಿ, ನಟ್ಟ ನಡುವೆ ದುಂಡಗೆ ಹೊಳೆಯುತ್ತಿದ್ದ ಗಾಜಿನ ಮೇಲೆಯೇ ಇಟ್ಟರು. ಮೊದಲ ದಿನದ ಲೈವ್‌ನಲ್ಲಿ ಗೌಡರ ಮುಖವಿರಬೇಕಾದ ಕಡೆ ಒಂದು ಕೆಂಪು ಸೂರ್ಯ ಮೂಡಿ, ಸಭೆ ಮುಗಿಯುವವರೆಗೂ ಮುಳುಗಲಿಲ್ಲ. ದೇವರ ಕುಂಕುಮವನ್ನು ಒರೆಸುವುದು ಹೇಗೆ ಎಂದು ಅನಂತರಾಮಯ್ಯನವರಿಗೆ ಧರ್ಮಸಂಕಟ.

ಅದೇ ದಿನ ಇನ್ನೊಂದಾಯಿತು. ತಾವು ಹೇಗೆ ಕಾಣುತ್ತಿದ್ದೇವೆ ಎಂದು ನೋಡಲು ಗೌಡರು ತಮ್ಮ ಮೊಬೈಲಿನಲ್ಲೂ ಲೈವ್ ಹಾಕಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಲೈವ್ ಎಂಬುದು ಸ್ವಲ್ಪ ಹಿಂದೆ ಉಳಿದು ಬರುತ್ತದಂತೆ. ಗೌಡರು, "ಆತ್ಮೀಯ ವೀಕ್ಷಕರೇ" ಎಂದರು. ಸ್ವಲ್ಪ ಹೊತ್ತಿನ ಮೇಲೆ ತೊಡೆಯ ಕಡೆಯಿಂದ, "ಆತ್ಮೀಯ ವೀಕ್ಷಕರೇ" ಎಂದಿತು.

"ಯಾರ್ರೀ ಅದು, ನನ್ನ ಮಾತನ್ನೇ ಹೇಳ್ತಿರೋದು?" ಎಂದು ಗೌಡರು ಗದರಿದರು.

"ಯಾರ್ರೀ ಅದು, ನನ್ನ ಮಾತನ್ನೇ ಹೇಳ್ತಿರೋದು?" ಎಂದು ತೊಡೆ ಗದರಿತು.

ಜಯಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಅಧ್ಯಕ್ಷರನ್ನು ಎದುರಿಸಿ ಮಾತನಾಡಿದವರಲ್ಲಿ ಸಂಘದ ಚರಿತ್ರೆಯಲ್ಲೇ ಅವರ ತೊಡೆ ಮೊದಲನೆಯದು ಎಂದು ಆಮೇಲೆ ಹೇಳಿ ನಕ್ಕಳು.

ಎರಡು ಮೂರು ಸಭೆ ಆಗುವ ಹೊತ್ತಿಗೆ ಎಲ್ಲ ಒಂದು ಹದಕ್ಕೆ ಬಂತು. ಹದ ಎಂದರೆ ಹೀಗೆ. ಕ್ಯಾಮೆರಾ ನಿಂತಿದ್ದದ್ದು ಜನರ ನಡುವೆ, ಮೇಜಿನ ಕಡೆಗೆ ಮುಖ ಮಾಡಿ. ಅದರಲ್ಲಿ ಕಾಣುತ್ತಿದ್ದವರು ಮೇಜಿನ ಹಿಂದೆ ಕೂತ ಪದಾಧಿಕಾರಿಗಳು ಮಾತ್ರ. ಎದುರಿಗೆ ಕೂತ ಗಂಡಸರಿಗೆ ಇದು ಸರಿಬರಲಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು, "ಸಭೆಗೆ ಹೋಗ್ತೀನಿ ಅಂತ ಎಲ್ಲಿಗೆ ಹೋಗಿದ್ರಿ, ಕಾಣ್ಲೇ ಇಲ್ಲ?" ಎಂದು ಕೇಳಿದರಂತೆ. ಮುಂದಿನ ಸಲ ಒಬ್ಬರು ಕುರ್ಚಿ ಎತ್ತಿಕೊಂಡು ಹೋಗಿ ಗೌಡರ ಬೆನ್ನ ಹಿಂದೆ ಹಾಕಿಕೊಂಡರು. ಅವರ ಪಕ್ಕಕ್ಕೆ ಇನ್ನೊಬ್ಬರು. ನೋಡುನೋಡುತ್ತ ಇಡೀ ಗಂಡು ಸಭೆ ಮೇಜಿನ ಆಚೆಗೆ ಹೋಗಿ, ಮದುವೆಯ ಗ್ರೂಪ್ ಫೋಟೋದ ಹಾಗೆ ಸಾಲಾಗಿ ನಿಂತಿತು. ಅಧ್ಯಕ್ಷರ ಎದುರಿಗೆ ಉಳಿದದ್ದು ಕ್ಯಾಮೆರಾ, ದೀಪ, ದೀಪದ ಹಿಂದೆ ಗೋಡೆಗೆ ಒರಗಿದ ನಾವು ನಾಲ್ಕಾರು ಹೆಂಗಸರು. ಆ ದೀಪ ಎಷ್ಟು ಪ್ರಖರವೆಂದರೆ ಆ ಕಡೆಯವರಿಗೆ ಈ ಕಡೆ ಬರಿ ಕತ್ತಲೆ. ಅವರ ಪಾಲಿಗೆ ನಾವು ಇರಲೇ ಇಲ್ಲ.

ದೇವಸ್ಥಾನದಲ್ಲಿ ದೇವರು ಕಣ್ಣು ಬಿಟ್ಟುಕೊಂಡಿರುತ್ತಾನೆ, ನಾವು ಎದುರಿಗೆ ನಿಂತು ಕಣ್ಣು ಮುಚ್ಚುತ್ತೇವೆ. ನೋಡಿಸಿಕೊಂಡರೆ ಸಾಕು, ನೋಡಲೇಬೇಕೆಂದಿಲ್ಲ ಎಂಬ ಭಾವ. ನಮ್ಮ ಸಂಘದವರೂ ಆ ಹಂತಕ್ಕೆ ಏರಿದ್ದರು. ಒಬ್ಬರ ಮುಖ ಒಬ್ಬರು ನೋಡುವುದು ನಿಂತಿತು. ಎಲ್ಲರೂ ಕ್ಯಾಮೆರಾವನ್ನೇ ನೋಡುತ್ತ, ಅದಕ್ಕೆ ಬೆನ್ನು ತೋರಿಸದೆ ಸರಿಯುತ್ತ, ಅದರ ಮುಂದೆ ಅಡ್ಡ ಹಾಯದೆ ಬಗ್ಗಿ ನಡೆಯುತ್ತ ಇದ್ದರು. ವಡೆ ತಿನ್ನುವುದೂ ನಿಂತುಹೋಯಿತು. ಬಾಯಿ ಆಡಿಸುವುದು ಚೆನ್ನಾಗಿ ಕಾಣುವುದಿಲ್ಲವಂತೆ. ಮೋರಿ ಮಾತ್ರ ಮೊದಲಿನಂತೆಯೇ ಇತ್ತು.

ಇಷ್ಟರಲ್ಲಿ ಅವರೆಕಾಯಿ ಕಾಲ ಬಂತು. ನಾವು ಮಧ್ಯಾಹ್ನ ಎಂದಿನಂತೆ ಕೂತು ಕಾಳು ಹಿತಕುತ್ತಿದ್ದೆವು. ಹಿತಕುವುದು ನಿಮಗೆ ಗೊತ್ತಲ್ಲ, ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಜಯಮ್ಮನ ಕೈಯಿಂದ ಚಿಮ್ಮಿದ್ದು ಗಿರಣಿಯ ಬಲದಿಂದ ಚಿಮ್ಮುತ್ತದೆ. ಅಂದು ಒಂದು ಬೇಳೆ ಹೋಗಿ ಕ್ಯಾಮೆರಾದ ಗಾಜಿಗೆ ಅಂಟಿಕೊಂಡಿತು. ಅದೇ ಹೊತ್ತಿಗೆ ಅನಂತರಾಮಯ್ಯನವರು ಒಳಗೆ ಬಂದರು. ಕುಂಕುಮದ ಆಘಾತದಿಂದ ಇನ್ನೂ ಚೇತರಿಸಿಕೊಳ್ಳದಿದ್ದ ಮನುಷ್ಯ, ಬೇಳೆಯನ್ನು ನೋಡಿ ಬಿಳಿಚಿಕೊಂಡರು.

"ಅಮ್ಮಾ, ಇಲ್ಲಿ ಸೆಟ್ಟಿಂಗ್ಸ್ ಮಾಡಿಟ್ಟಿದೀನಿ. ಒಂದು ಕೂದ್ಲೆಳೆ ಅಲ್ಲಾಡಿದ್ರೂ ಎಲ್ಲಾ ಹೋಯ್ತು. ದಯವಿಟ್ಟು ಎದ್ಬಿಡಿ" ಎಂದರು.

ಮಾರನೆಯ ದಿನ ಹೋದರೆ ಬಾಗಿಲಿಗೆ ಬೀಗ.

ನಮ್ಮ ಊರ ಶಾಲೆಯಲ್ಲಿ ಒಂದು ಗ್ಲೋಬು ಇತ್ತು. ಅದು ಬೀರುವಿನಿಂದ ಹೊರಗೆ ಬರುತ್ತಿದ್ದದ್ದು ಇನ್‌ಸ್ಪೆಕ್ಟರು ಬರುವ ದಿನ ಮಾತ್ರ. ಮಿಕ್ಕ ದಿನ ಮುಟ್ಟಿದರೆ ಬಣ್ಣ ಹೋಗುತ್ತದೆ ಎಂದು ಮೇಷ್ಟ್ರು ಮುಟ್ಟಗೊಡುತ್ತಿರಲಿಲ್ಲ. ಇನ್‌ಸ್ಪೆಕ್ಟರು ಅದನ್ನು ಒಂದು ಸುತ್ತು ತಿರುಗಿಸಿ, ಸಂತೋಷಪಟ್ಟು, ಸಹಿ ಹಾಕಿ ಹೋಗುತ್ತಿದ್ದರು. ಭೂಮಿ ತಿರುಗುತ್ತದೆ ಎಂದು ನಾವು ನಂಬಿದ್ದೆವು, ಆದರೆ ಅದು ತಿರುಗುವುದು ಇನ್‌ಸ್ಪೆಕ್ಟರು ಬಂದಾಗ ಮಾತ್ರ ಎಂದುಕೊಂಡಿದ್ದೆವು. ಬೀಗದ ಮುಂದೆ ಬುಟ್ಟಿ ಹಿಡಿದು ನಿಂತಾಗ ನನಗೆ ಆ ಗ್ಲೋಬು ನೆನಪಾಯಿತು.

ನಾವು ಪಾರ್ಕಿನ ಬೆಂಚಿಗೆ ಹೋದೆವು. ಬಿಸಿಲು ಬಂದಂತೆ ನೆರಳಿನ ಕಡೆ ಸರಿಯುತ್ತ ಒಂದು ಮಧ್ಯಾಹ್ನದಲ್ಲಿ ಬೆಂಚಿನಿಂದ ಬೆಂಚಿಗೆ ಪಾರ್ಕನ್ನೇ ಸುತ್ತಿದ್ದಾಯಿತು. ಪೇಪರ್ ಬಿಚ್ಚಿದರೆ ಗಾಳಿ ಎಳೆಯುತ್ತದೆ. ಓದಲು ಶುರುಮಾಡಿದರೆ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಅವರು ನೋಡಿದರೆ ನನ್ನ ಗಂಟಲು ಮುಚ್ಚುತ್ತದೆ. ಮೊದಲ ವಾರ ಎಲ್ಲರೂ ಬಂದರು, ಆಮೇಲೆ ನಾಲ್ವರು, ಆಮೇಲೆ ನಾನು ಮತ್ತು ಜಯಮ್ಮ. ಮನೆಯಲ್ಲಿ ಫ್ರಿಜ್ಜು ಮತ್ತೆ ಮಾತಾಡತೊಡಗಿತು. ಜಯಮ್ಮ ಹೋಗಿ ಗೌಡರನ್ನು ಕೇಳಿದಳು. "ನೋಡೋಣ ಕಣಮ್ಮ" ಎಂದರು.

ಡಿಸೆಂಬರಿನ ಸಭೆಯಲ್ಲಿ ಒಂದು ಠರಾವು ಬರುತ್ತದೆಂದು ಗ್ರೂಪಿನಲ್ಲಿ ಬಂತು. ಸಂಘದ ಕೋಣೆಯನ್ನು ಶಾಶ್ವತವಾಗಿ ಸ್ಟುಡಿಯೊ ಮಾಡುವುದು, ಕಿಟಕಿಗೆ ಹಲಗೆ ಹೊಡೆಯುವುದು, ಬೇರಾವ ಕೆಲಸಕ್ಕೂ ತೆರೆಯದಿರುವುದು. ಇದು ಪಾಸಾದರೆ ನಮ್ಮ ಮಧ್ಯಾಹ್ನ ಮುಗಿದಂತೆಯೇ. ಜಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, "ಬನ್ನಿ ಪಾರ್ವತಕ್ಕ, ಇವತ್ತು ಅವ್ರ ಲೈವ್‌ನಲ್ಲೇ ಅವ್ರಿಗೆ ನೀರಿಳಿಸ್ತೀನಿ" ಎಂದಳು. ನನಗೆ ಧೈರ್ಯ ಬಂತು. ಜಯಮ್ಮ ಮಾತಾಡುವಾಗ ಪಕ್ಕದಲ್ಲಿ ಕೂರುವುದು ನನ್ನ ಪಾಲಿಗೆ ಮಾತಾಡಿದಷ್ಟೇ ಸಮಾಧಾನ. ಅಂದು ಓದಲಾಗದೆ ಉಳಿದಿದ್ದ ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋದೆ.

ದೀಪ ಹೊತ್ತಿತು. ಗಂಡಸರೆಲ್ಲ ಆಚೆ ಕಡೆ ಬೆಳಗಿದರು. ಗೌಡರು ಕ್ಯಾಮೆರಾಕ್ಕೆ ಕೈಮುಗಿದು, "ಆತ್ಮೀಯ ವೀಕ್ಷಕರೇ, ನಮ್ಮ ಸಂಘದ ಬಾಗಿಲು ಸದಾ ಎಲ್ಲರಿಗೂ ತೆರೆದಿದೆ" ಎಂದು ಶುರುಮಾಡಿದರು. ಅನಂತರಾಮಯ್ಯನವರು ಮೊಬೈಲ್ ಹಿಡಿದು, ನೋಡುವವರು ಬರೆದು ಕಳಿಸುವ ಮಾತುಗಳನ್ನು ಜೋರಾಗಿ ಓದುವ ಕೆಲಸ ವಹಿಸಿಕೊಂಡಿದ್ದರು. ಅದು ಪಾರದರ್ಶಕತೆಯ ಮುಂದಿನ ಮೆಟ್ಟಿಲಂತೆ. ಠರಾವು ಓದಿದ್ದಾಯಿತು. ಗೌಡರು, "ಆಕ್ಷೇಪಣೆ ಇದ್ದರೆ ಹೇಳಬಹುದು" ಎಂದರು.

ಜಯಮ್ಮ ಎದ್ದಳು. ಯಾರೋ ಕತ್ತಲೊಳಗೆ ಕೈಮೈಕು ದಾಟಿಸಿದರು. ಜಯಮ್ಮ, "ಅಲ್ಲಾ ಸ್ವಾಮಿ" ಎಂದಳು. ಮೂಲೆಯ ಸ್ಪೀಕರಿನಿಂದ, "ಅಲ್ಲಾ ಸ್ವಾಮಿ" ಎಂದು ಅವಳದೇ ದನಿ ಎರಡು ಪಟ್ಟಾಗಿ ಅವಳ ಮೇಲೇ ಬಿತ್ತು. ಗಿರಣಿಯನ್ನು ಗೆದ್ದ ಆ ಗಂಟಲು ಅಲ್ಲಿಗೆ ನಿಂತಿತು. ತನ್ನ ದನಿ ಹೊರಗಿನವರಿಗೆ ಹೀಗೆ ಕೇಳಿಸುತ್ತದೆ ಎಂದು ಪಾಪ ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಮೈಕನ್ನು ಬಿಸಿ ಪಾತ್ರೆ ಬಿಡುವ ಹಾಗೆ ನನ್ನ ಮಡಿಲಿಗೆ ಬಿಟ್ಟು ಕೂತುಬಿಟ್ಟಳು.

"ಆಕ್ಷೇಪಣೆ ಇಲ್ಲ ಅಂತಾಯ್ತು" ಎಂದು ಗೌಡರು ಮುಂದಿನ ವಿಷಯಕ್ಕೆ ಕಣ್ಣು ಹಾಯಿಸಿದರು.

ನನ್ನ ಅಜ್ಜಿಯ ಕಾಲದಲ್ಲಿ ಮನೆಯಲ್ಲಿ ಹೆಣ್ಣು ಗಂಡಿನ ಮಾತುಕತೆ ನಡೆದರೆ ಹೆಂಗಸರು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದರು. ಹಜಾರದಲ್ಲಿ ಗಂಡಸರು ಗತ್ತಿನಿಂದ ಮಾತಾಡುತ್ತಿದ್ದರು. ಒಪ್ಪಿಗೆಯಿಲ್ಲದ ಮಾತು ಬಂದರೆ ಅಜ್ಜಿ ಬಾಗಿಲ ಹಿಂದೆ ಲೋಟ ಕೆಳಗೆ ಬೀಳಿಸುತ್ತಿದ್ದಳು. ತಾತ ತಕ್ಷಣ, "ಅದೊಂದು ಬೇಡ ಅನ್ಸುತ್ತೆ" ಎನ್ನುತ್ತಿದ್ದರು. ಕಾಣದವರ ಮಾತಿಗೆ ಬೇರೆಯೇ ತೂಕ. ಆ ಕತ್ತಲಲ್ಲಿ ನನಗೆ ಹೊಳೆದದ್ದು ಇಷ್ಟೇ: ಈ ಕೋಣೆಯಲ್ಲಿ ಈಗ ನನ್ನನ್ನು ನೋಡಬಲ್ಲವರು ಒಬ್ಬರೂ ಇಲ್ಲ. ಎಲ್ಲರೂ ಬೆಳಕಿನಲ್ಲಿದ್ದಾರೆ. ನಾನು ಬಾಗಿಲ ಹಿಂದೆ ಇದ್ದೇನೆ.

ಆದರೂ ನನ್ನ ಮಾತು ನನಗೆ ಬಾರದಲ್ಲ. ಪೇಪರ್ ಬಿಚ್ಚಿದೆ. ಕತ್ತಲಲ್ಲಿ ಒಂದಕ್ಷರವೂ ಕಾಣಲಿಲ್ಲ. ಕಾಣದ ಪೇಪರನ್ನು ಮುಖದ ಮುಂದೆ ಹಿಡಿದು, ಮೈಕನ್ನು ಬಾಯಿಗಿಟ್ಟುಕೊಂಡು, ಮಧ್ಯಾಹ್ನ ಓದುವ ದನಿಯಲ್ಲಿ ಓದತೊಡಗಿದೆ.

"ಬೆಂಗಳೂರು. ನಗರದ ಪಶ್ಚಿಮ ಭಾಗದ ಬಡಾವಣೆಯೊಂದರ ನಿವಾಸಿಗಳ ಸಂಘವು ತನ್ನ ಸಭೆಗಳನ್ನು ಎಲ್ಲರಿಗೂ ತೋರಿಸುವ ಸಲುವಾಗಿ ಸಭೆಯ ಕೋಣೆಗೆ ಬೀಗ ಹಾಕಿದೆ. ಸಂಘದ ಬಾಗಿಲು ಸದಾ ತೆರೆದಿದೆ ಎಂದು ಅಧ್ಯಕ್ಷರು ಒಳಗಿನಿಂದ ತಿಳಿಸಿದ್ದಾರೆ. ಮಧ್ಯಾಹ್ನ ಅಲ್ಲಿ ಕೂರುತ್ತಿದ್ದ ಹೆಂಗಸರು ಈಗ ನೆರಳು ಹುಡುಕಿಕೊಂಡು ಬೆಂಚಿನಿಂದ ಬೆಂಚಿಗೆ ಹೋಗುತ್ತಿದ್ದಾರೆ. ಕೋಣೆಯಲ್ಲಿ ಹೆಂಗಸರು ಕೂತರೆ ತನಗೇನು ತೊಂದರೆ ಎಂಬ ಬಗ್ಗೆ ಕ್ಯಾಮೆರಾ ಇದುವರೆಗೆ ಯಾವ ಹೇಳಿಕೆಯನ್ನೂ ನೀಡಿಲ್ಲ."

ಗೌಡರು ಹಣೆಗೆ ಕೈಯಡ್ಡ ಹಿಡಿದು ದೀಪದ ಆಚೆ ನೋಡಲು ಹೆಣಗಿದರು. ಆತ್ಮೀಯ ವೀಕ್ಷಕರ ಕನ್ನಡ ಎಲ್ಲಿ ಹೋಯಿತೋ.

"ಪೇಪರ್‌ನಾಗೇ ಬಂದ್ಬಿಡ್ತಾ? ಯಾವ ಪೇಪರಮ್ಮ ಅದು? ಯಾರು ಬರ್ಕೊಟ್ರು ಅವ್ರಿಗೆ?"

ಜಯಮ್ಮನ ಗಂಟಲು ಆಗ ವಾಪಸು ಬಂತು. ಮೈಕು ಬೇಕಾಗಲಿಲ್ಲ.

"ಇವತ್ತಿನ ಪೇಪರಲ್ಲ ಗೌಡ್ರೇ. ನಾಳೇದು!"

ಅಷ್ಟರಲ್ಲಿ ಅನಂತರಾಮಯ್ಯನವರ ಮೊಬೈಲು ಒಂದೇ ಸಮನೆ ಟಿಂಗುಟ್ಟತೊಡಗಿತು. ಸಂಜೆಯ ಸಭೆ ಎಂದರೆ ಅಡುಗೆಯ ಹೊತ್ತು. ಎಷ್ಟೋ ಮನೆಗಳ ಹೆಂಗಸರು ಸಂಘದ ಸಭೆಯ ಮುಖವನ್ನೇ ಕಂಡವರಲ್ಲ. ಲೈವ್ ಬಂದ ಮೇಲೆ ಅವರು ಮೊಬೈಲನ್ನು ಸಾಂಬಾರ್ ಪುಡಿಯ ಡಬ್ಬಿಗೆ ಒರಗಿಸಿಟ್ಟು, ಚಪಾತಿ ಲಟ್ಟಿಸುತ್ತ ಎಲ್ಲವನ್ನೂ ನೋಡುತ್ತಿದ್ದರೆಂದು ಇವರಾರಿಗೂ ಗೊತ್ತಿರಲಿಲ್ಲ. ಸೆಕ್ರೆಟರಿಯವರು ಬಂದದ್ದನ್ನು ಬಂದಂತೆ ಓದುವ ಅಭ್ಯಾಸದಿಂದ ಓದಿಯೇಬಿಟ್ಟರು:

"'ಆ ಅಮ್ಮ ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿ.' ಇನ್ನೊಬ್ಬರು ಬರೀತಾರೆ, 'ಮಧ್ಯಾಹ್ನ ಅಲ್ಲಿ ಕೂರಬಹುದು ಅಂತ ನಮಗೆ ಗೊತ್ತೇ ಇರಲಿಲ್ಲ, ನಾವೂ ಬರಬಹುದಾ?' ಮತ್ತೆ ಇನ್ನೊಬ್ಬರು, 'ಅಧ್ಯಕ್ಷರು ನೋಡೋಣ ಅನ್ನದೇ ಇದ್ದರೆ...'"

ಅಲ್ಲಿಗೆ ಅವರಿಗೇ ಅರಿವಾಗಿ ಬಾಯಿ ಮುಚ್ಚಿದರು. ಗೌಡರು "ನೋ" ಎಂದವರು ಕ್ಯಾಮೆರಾವನ್ನು ನೋಡಿ ಉಳಿದರ್ಧ ನುಂಗಿಕೊಂಡರು. ಅಷ್ಟು ವರ್ಷ ಸಂಘವನ್ನು ನಡೆಸಿದ ಮಾತು ಅರ್ಧಕ್ಕೆ ನಿಂತದ್ದು ಅಂದೇ. ಕಾಫಿ ತರಿಸಿ ಮುಚ್ಚಿಹಾಕೋಣವೆಂದರೆ ಲೈವ್‌ನಲ್ಲಿ ಕಾಫಿಯೂ ಇಲ್ಲ. ಸ್ವಲ್ಪ ಹೊತ್ತು ಮೇಜನ್ನು ಸವರಿ, "ಸ್ಟುಡಿಯೊ ಗಿಡಿಯೊ ಏನೂ ಬೇಡ. ಹಲಗೆಯೂ ಬೇಡ. ಬೀಗದ ಕೈ ಸೆಕ್ರೆಟರಿ ಹತ್ರ ಐತೆ, ನಾಳೆಯಿಂದ ಇಸ್ಕೊಳಿ ತಾಯಿ" ಎಂದರು.

ದೀಪ ಆರಿದ ಮೇಲೆ ಅನಂತರಾಮಯ್ಯನವರು, "ಸಾರ್, ಸೆಟ್ಟಿಂಗ್ಸು..." ಎಂದು ಗೋಗರೆದದ್ದು ಕೇಳಿಸಿತು.

"ಊರೆಲ್ಲ ಕೇಳಿಸ್ಕೊಂಡಾಯ್ತಲ್ರೀ. ಈಗ ಇಲ್ಲ ಅನ್ನಕ್ಕಾಗ್ತದಾ? ನೀವೇ ತಾನೆ ಹೇಳಿದ್ದು, ಪಾರ... ಅದೇನೋ" ಎಂದು ಗೌಡರು ಮೆಟ್ಟಿಲಿಳಿದರು. ಹೋಗುವಾಗ ನನ್ನ ಪಕ್ಕದಲ್ಲೇ ಹಾದುಹೋದರು. ಓದಿದವಳು ನಾನು ಎಂದು ಅವರಿಗೆ ಗೊತ್ತಾಯಿತೋ ಇಲ್ಲವೋ. ನಾನಂತೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದೆ.

ಈಗ ಕೋಣೆ ನಮಗೆ ಸಿಕ್ಕಿದೆ. ಸಿಕ್ಕಿದ್ದು ಎಷ್ಟು ಜೋರಾಗಿ ಎಂದರೆ ಕುರ್ಚಿಗಳು ಸಾಲುತ್ತಿಲ್ಲ. ಚಪಾತಿ ಲಟ್ಟಿಸುತ್ತ ನೋಡಿದ್ದವರೆಲ್ಲ ಬರತೊಡಗಿದ್ದಾರೆ. ಕಿಟಕಿಯ ಕಪ್ಪು ಬಟ್ಟೆಯನ್ನು ಮಧ್ಯಾಹ್ನ ಸರಿಸುತ್ತೇವೆ, ಸಭೆಯ ಸಂಜೆ ಮತ್ತೆ ಎಳೆಯುತ್ತೇವೆ. ಮೊಟ್ಟೆಯ ಟ್ರೇಗಳ ಮೇಲಿನ ಜಮಖಾನ ಕಾಲಡಿಗೆ ಬಂದಿದೆ, ಟ್ರೇ ನೋಡಿ ಯಾರ ಜಾತಿಯೂ ಕೆಟ್ಟಿಲ್ಲ. ಕ್ಯಾಮೆರಾಕ್ಕೆ ನಾನೇ ಗಿಳಿಹಸಿರು ರವಿಕೆ ಕಣದಲ್ಲಿ ಒಂದು ಗವಸು ಹೊಲಿದೆ. ಅದು ಈಗ ತಲೆಗೆ ಸ್ನಾನ ಮಾಡಿ ಟವೆಲ್ ಕಟ್ಟಿಕೊಂಡ ಹೆಂಗಸಿನ ಹಾಗೆ ನಮ್ಮ ಜೊತೆ ನಿಂತಿರುತ್ತದೆ. ಬೇಳೆ ಎಷ್ಟು ಚಿಮ್ಮಿದರೂ ಚಿಂತೆಯಿಲ್ಲ.

ಮೊದಲ ವಾರವೇ ಅನಂತರಾಮಯ್ಯನವರು ಬಂದು ಒಂದು ಸಲಹೆ ಕೊಟ್ಟರು. ಇಷ್ಟು ಹೆಂಗಸರು ಸೇರುತ್ತಾರೆ, ಇದನ್ನೂ ಮಹಿಳಾ ವಿಭಾಗ ಎಂದು ಲೈವ್ ಬಿಟ್ಟರೆ ಹೇಗೆ?

"ನಾವು ಬಯ್ಯೋದನ್ನ ಲೈವ್ ಬಿಟ್ರೆ ನಿಮ್ಮ ಸಂಘ ಉಳಿಯಲ್ಲ ಸ್ವಾಮಿ" ಎಂದಳು ಜಯಮ್ಮ. "ಕೇಳ್ಬೇಕು ಅಂದ್ರೆ ಬಂದು ಕೂತ್ಕೊಂಡು ಕೇಳಿ. ಬಂದೋರ ಕೈಗೆ ಕೆಲ್ಸ ಕೊಡ್ತೀವಿ, ಅಷ್ಟೇ."

ಅವರು ಅದನ್ನು ಆಹ್ವಾನ ಎಂದುಕೊಂಡರೋ ಏನೋ. ಈಗ ದಿನವೂ ಊಟದ ನಿದ್ದೆ ಮುಗಿಸಿ, "ಸೆಟ್ಟಿಂಗ್ಸ್ ಒಂದ್ಸಲ ನೋಡ್ಬಿಟ್ಟು ಹೋಗ್ತೀನಿ" ಎಂದು ಬರುತ್ತಾರೆ. ಗವಸು ಮುಟ್ಟುವುದಿಲ್ಲ. ಬಾಗಿಲ ಹತ್ತಿರದ ಕುರ್ಚಿ ಎಳೆದುಕೊಳ್ಳುತ್ತಾರೆ. ಜಯಮ್ಮ ಅವರ ಮುಂದೆ ಒಂದು ಮೊರದಷ್ಟು ಕಾಳು ಸರಿಸುತ್ತಾಳೆ. ಯಾರೂ ಏನೂ ಕೇಳುವುದಿಲ್ಲ. ಲೈವ್‌ನಲ್ಲಿ ಅವರನ್ನು ನೋಡುವವರು ಬೇಕಾದಷ್ಟು ಜನರಿದ್ದಾರೆ. ಪಕ್ಕದಲ್ಲಿ ಕೂರುವವರು ಅಷ್ಟಿಲ್ಲ ಎಂದು ಕಾಣುತ್ತದೆ. ನೋಡಿಸಿಕೊಳ್ಳುವುದು ಬೇರೆ, ಜೊತೆಗಿರುವುದು ಬೇರೆ ಎಂದು ನನಗೆ ಅವರ ಬೆರಳುಗಳನ್ನು ನೋಡಿ ಅನ್ನಿಸುತ್ತದೆ. ಮೊದಲು ಒಂದು ಕಾಳನ್ನು ಹಿತಕಲು ಹರಸಾಹಸ ಪಡುತ್ತಿದ್ದವು, ಈಗ ಮಾತಿನ ನಡುವೆ ತಾವಾಗಿಯೇ ಆಡುತ್ತವೆ.

ಮೊನ್ನೆ ನಾನು ರಸ್ತೆ ಅಗೆದ ಸುದ್ದಿ ಓದಿದೆ. ಜಯಮ್ಮನ ಬಾಯಲ್ಲಿ ಎಲೆಯಡಿಕೆ ಇತ್ತು. ಬೈಗುಳ ಬರಬೇಕಾದ ಜಾಗ ಖಾಲಿ ಉಳಿಯಿತು. ಎಲ್ಲರೂ ಕಾದೆವು. ಆಗ ಅನಂತರಾಮಯ್ಯನವರು, ಅಷ್ಟು ವರ್ಷ ಸರ್ಕಾರಿ ಕಚೇರಿಯಲ್ಲಿ ತಗ್ಗಿಸಿದ ದನಿಯಲ್ಲಿ ಕೆಲಸ ಮಾಡಿದ ಮನುಷ್ಯ, ಕಾಳಿನಿಂದ ತಲೆಯೆತ್ತದೆ ಒಂದು ಬೈಗುಳ ಬೈದರು. ಬೈದ ಮೇಲೆ ಬೆಚ್ಚಿ ಕ್ಯಾಮೆರಾದ ಕಡೆ ತಿರುಗಿದರು. ಗವಸು ಸರಿಯಾಗಿ ಕೂತಿದೆ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ನೆಮ್ಮದಿಯಾಗಿ ಇನ್ನೊಂದು ಬೈದರು.